ದೋಣಿಯಮ್ಮನ ದನಿ ಕದ್ದವರು ಯಾರು?

ಪರದೆಯ ಮೇಲೆ ದೋಣಿ ನಡೆಸುವ ಹೆಂಗಸಿನ ತುಟಿಗಳು ಆಡುತ್ತಲೇ ಇದ್ದವು. ಸಮಿತಿಯ ಕೊಠಡಿಯಲ್ಲಿ ಕೂತವರಿಗೆ ಮಾತ್ರ ಅವಳ ಒಂದಕ್ಷರವೂ ಕೇಳುತ್ತಿರಲಿಲ್ಲ.

ದೋಣಿ ಪ್ರಯಾಣದ ಸುರಕ್ಷತೆಗೆಂದು ಸಂಸತ್ತು ತರಲಿದ್ದ ಮಸೂದೆಯ ವಿಚಾರಣೆ ಅದು. ಅಲ್ಲಿಯವರೆಗೆ ಇಂಥ ವಿಚಾರಣೆಗಳು ಮುಚ್ಚಿದ ಬಾಗಿಲ ಹಿಂದೆ ನಡೆದು, ವರದಿಗಳು ಕಪಾಟು ಸೇರಿ ಧೂಳು ತಿನ್ನುತ್ತಿದ್ದವು. ಈಗ ಸಾಕ್ಷಿ ತನ್ನೂರಿನಲ್ಲೇ ಕೂತು ಮಾತಾಡಬಹುದಿತ್ತು, ದೇಶದ ಜನ ಮನೆಯಲ್ಲೇ ಕೂತು ನೋಡಬಹುದಿತ್ತು. ಕಿವಿ ಕೇಳದವರಿಗಾಗಿ ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ಸನ್ನೆ ಭಾಷೆಯ ಅನುವಾದಕಿಯೂ ಇದ್ದಳು. ಇದನ್ನೆಲ್ಲ ಹಟ ಹಿಡಿದು ಕಟ್ಟಿ ನಿಲ್ಲಿಸಿದವಳು ಮಾರ್ಷಲಮ್ಮನ ಸೊಸೆ, ಸಮಿತಿಯ ಪ್ರಸಾರದ ಹೊಣೆ ಹೊತ್ತ ಅಧಿಕಾರಿ.

ಮಾರ್ಷಲಮ್ಮ ಸಂಸತ್ ಭವನದ ಕಾವಲಿನ ಹೊಣೆ ಹೊತ್ತು ನಿವೃತ್ತರಾದವರು. ಅಲ್ಲಿ ಸೂಜಿ ಕಳೆದರೂ "ಮಾರ್ಷಲಮ್ಮನನ್ನ ಕೇಳಿ" ಎನ್ನುವ ಅಭ್ಯಾಸ ಇನ್ನೂ ಹೋಗಿರಲಿಲ್ಲ. ಅತ್ತೆಯ ಜಾಣತನದ ಬಗ್ಗೆ ಸೊಸೆಗೆ ಎಷ್ಟು ಹೆಮ್ಮೆಯೆಂದರೆ, ಗೆಳತಿಯರು ತಮ್ಮ ಅತ್ತೆಯರನ್ನು ಬೈಯಲು ಕೂತರೆ ಇವಳಿಗೆ ಮಾತೇ ಹುಟ್ಟುತ್ತಿರಲಿಲ್ಲ.

ಆವತ್ತು ದೋಣಿಯಮ್ಮ, "ನಮ್ಮ ಕಡೆ ತಪಾಸಣೆ ಹೇಗೆ ನಡೆಯುತ್ತೆ ಅಂತ ಹೇಳ್ತೀನಿ ಸ್ವಾಮಿ" ಎಂದಿದ್ದಳು, ಅಷ್ಟೇ. ದನಿ ಕತ್ತರಿಸಿದಂತೆ ನಿಂತಿತು. ಸಮಿತಿಯ ಅಧ್ಯಕ್ಷರು ಹೆಡ್‌ಫೋನನ್ನು ಎರಡೂ ಕೈಗಳಲ್ಲಿ ಹಿಡಿದು ಮೇಜಿಗೆ ಕುಟ್ಟತೊಡಗಿದರು. ಪಕ್ಕದ ಮೇಜಿನಿಂದ ಕಾರ್ಯದರ್ಶಿ ಕೂಗಿದರು: "ಆ ಊರಿನ ಲೈನು ಹೋಯ್ತು! ಎಂಜಿನಿಯರೇ, ಚಿತ್ರಾನೂ ತೆಗೆದುಬಿಡಿ, ದೇಶದ ಮುಂದೆ ನಗೆಪಾಟಲು ಬೇಡ."

ಮೂಲೆಯಲ್ಲಿ ಧ್ವನಿಯಂತ್ರ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಒಂದಷ್ಟು ಹೊತ್ತು ಗುಂಡಿಗಳನ್ನು ತಡಕಾಡಿ, ಕೊನೆಗೆ ಸಂಪರ್ಕ ಕಡಿದ. ಆಮೇಲೆ ಕೊಠಡಿಯ ಮೈಕುಗಳೆಲ್ಲ ಚೆನ್ನಾಗಿಯೇ ಮಾತಾಡಿದವು. ತಪ್ಪು ದೂರದ ಲೈನಿನದೇ ಎಂದು ಎಲ್ಲರೂ ತಲೆಯಾಡಿಸಿದರು.

"ಇದಕ್ಕೇ ನಾನು ಬಡಕೊಂಡಿದ್ದು," ಎಂದರು ಅಧ್ಯಕ್ಷರು. ಈ ಹೊಸ ಏರ್ಪಾಡು ಅವರಿಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ. "ಸಾಕ್ಷಿ ಕಣ್ಣೆದುರು ನಿಲ್ಲಬೇಕು. ನಾಳೆ ಬರೆದುಕೊಡ್ತೀನಿ, ಈ ಆಟ ಇಲ್ಲಿಗೆ ಸಾಕು."

ಸೊಸೆ ಹೊರಗೆ ಬಂದರೆ ಪತ್ರಕರ್ತೆಯೊಬ್ಬಳ ಗಲಾಟೆ. "ಎಲ್ಲರಿಗೂ ತೆರೆದ ಬಾಗಿಲು ಅಂತೀರಿ, ಕೆಂಪು ದೀಪ ಉರೀತಿದೆ ಅಂತ ನನ್ನನ್ನ ಒಳಗೇ ಬಿಡ್ಲಿಲ್ಲ ನಿಮ್ಮ ಕಾವಲುಗಾರ!" ಸೊಸೆ ಕ್ಷಮೆ ಕೇಳಿ ಮನೆಯ ದಾರಿ ಹಿಡಿದಳು. ಗಾಯದ ಮೇಲೆ ಬರೆ ಎಳೆದಂತಾಗಿತ್ತು.

ಮನೆಯಲ್ಲಿ ಮಾರ್ಷಲಮ್ಮ ಬಟಾಣಿ ಸುಲಿಯುತ್ತ ಕೂತಿದ್ದರು. ಮಾವ ಸೊಸೆಯನ್ನು ಕಂಡವರೇ ಎದ್ದು ಬಂದರು.

"ಆ ದೋಣಿಯಮ್ಮ ಭಾರೀ ಗಟ್ಟಿಗಿತ್ತಿ ಕಣಮ್ಮ! ತಪಾಸಣೆಯೋರು ದಡದಲ್ಲೇ ನಿಂತು ಮುದ್ರೆ ಒತ್ತಿ ಹೋಗ್ತಾರೆ, ಜೀವರಕ್ಷಕ ಜಾಕೆಟ್ಟನ್ನ ಒಬ್ಬರೂ ಮುಟ್ಟಿ ನೋಡಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದ್ಲು."

ಮಾವನ ಕಿವಿ ಪೂರಾ ಹೋಗಿ ವರ್ಷಗಳಾಗಿದ್ದವು. ಮನೆಮಂದಿಯೆಲ್ಲ ಸನ್ನೆ ಭಾಷೆ ಕಲಿತಿದ್ದರು. ಸೊಸೆ ಕೈಯಾಡಿಸಿ ತಿಳಿಸಿದಳು: "ಇಲ್ಲ ಮಾವ, ಅವಳು ಅದನ್ನ ಹೇಳೋ ಮುಂಚೆನೇ ದನಿ ನಿಂತುಹೋಯ್ತು."

"ಎಲ್ಲಿ ನಿಂತಿತ್ತು? ನಾನು ಕಣ್ಣಾರೆ ಕೇಳಿದೆನಲ್ಲ!"

ವಯಸ್ಸಾದವರು, ಏನೋ ಕಲಸಿಕೊಂಡಿದ್ದಾರೆ ಎಂದುಕೊಂಡಳು ಸೊಸೆ. ಆದರೆ ಮಾರ್ಷಲಮ್ಮ ಬಟಾಣಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ್ದರು.

"ಕೂತ್ಕೋ ಮಗು. ನಡೆದದ್ದನ್ನೆಲ್ಲ ಹೇಳು. ಕೆಲಸಕ್ಕೆ ಬಾರದ್ದು ಅನ್ನಿಸಿದ್ದನ್ನೂ ಬಿಡಬೇಡ."

ಸೊಸೆ ಹೆಡ್‌ಫೋನ್ ಕುಟ್ಟಿದ್ದರಿಂದ ಹಿಡಿದು ಬಾಗಿಲಿನ ಗಲಾಟೆಯವರೆಗೆ ಹೇಳಿದಳು.

"ಅನುವಾದಕಿಯ ಕಿವಿಗೆ ಮಾತು ಎಲ್ಲಿಂದ ಬರುತ್ತೆ?"

"ಹೊರಗಿನ ಲೈನಿನಿಂದ ನೇರವಾಗಿ ಅತ್ತೆ. ಅವಳದು ಗಾಜಿನ ಗೂಡು, ಕೊಠಡಿ ಸದ್ದು ಅಲ್ಲಿಗೆ ಬರಲ್ಲ. ಈ ವರ್ಷ ತಾನೇ ಹೊಸ ತಂತಿ ಎಳೆಸಿದ್ದು."

"ಕೆಂಪು ದೀಪ?"

"ಗುಪ್ತ ಸಭೆಗೆ ಇರೋದು. ಹಳೇದು, ಕೆಟ್ಟು ಉರಿದಿರಬೇಕು."

ಮಾರ್ಷಲಮ್ಮ ಮುಗುಳ್ನಕ್ಕರು. "ನಾಳೆ ಬೆಳಿಗ್ಗೆ ಎಲ್ಲರನ್ನೂ ಇವತ್ತಿನ ಜಾಗದಲ್ಲೇ ಕೂರಿಸು. ದೋಣಿಯಮ್ಮನಿಗೂ ಹೇಳಿಡು."

ಮರುದಿನ ಮಾರ್ಷಲಮ್ಮ ಕೊಠಡಿಗೆ ಕಾಲಿಟ್ಟಾಗ ಅಧ್ಯಕ್ಷರು ಹುಬ್ಬೇರಿಸಿದರು. "ಏನ್ರೀ ಮಾರ್ಷಲಮ್ಮ, ಕೆಟ್ಟ ಲೈನನ್ನೂ ಜೈಲಿಗೆ ಹಾಕ್ತೀರಾ?"

"ಲೈನು ಕೆಟ್ಟಿರಲಿಲ್ಲ ಸರ್. ಇದನ್ನ ನೋಡಿ."

ಹಿಂದಿನ ದಿನದ ಪ್ರಸಾರದ ಚಿತ್ರ ಪರದೆಯ ಮೇಲೆ ಬಂತು, ಒಂದು ಪಕ್ಕ ದೋಣಿಯಮ್ಮ, ಇನ್ನೊಂದು ಪಕ್ಕ ಸಮಿತಿಯ ಕೊಠಡಿ. ದನಿ ನಿಂತಿತು. ಚಿತ್ರದಲ್ಲಿದ್ದವರೆಲ್ಲ ತಬ್ಬಿಬ್ಬಾದರು. ಆದರೆ ಮೂಲೆಯ ಪುಟ್ಟ ಚೌಕದಲ್ಲಿ ಅನುವಾದಕಿಯ ಕೈಗಳು ಒಂದು ಗಳಿಗೆಯೂ ತಡೆಯದೆ ಹರಿಯುತ್ತಿದ್ದವು.

"ನೀವು ಸನ್ನೆ ಮಾಡ್ತಾನೇ ಇದ್ರಲ್ಲಮ್ಮ, ಯಾಕೆ?" ಎಂದು, ಗಾಜಿನ ಗೂಡಿನಿಂದ ಹೊರಗೆ ಕರೆಸಿದ್ದ ಅನುವಾದಕಿಯನ್ನು ಕೇಳಿದರು ಮಾರ್ಷಲಮ್ಮ.

ಅನುವಾದಕಿ ಬೆರಗಾಗಿ, "ಅವರು ಮಾತಾಡ್ತಾನೇ ಇದ್ರಲ್ಲಮ್ಮ! ನನಗೆ ಸ್ಪಷ್ಟವಾಗಿ ಕೇಳ್ತಿತ್ತು. ಆಮೇಲೆ ಚಿತ್ರ ಹೋಯ್ತು, ಸಾಕ್ಷ್ಯ ಮುಗೀತು ಅಂದ್ಕೊಂಡೆ," ಎಂದಳು.

ಸೊಸೆ ಪರದೆಯ ಮೂಲೆಯನ್ನೇ ನೋಡಿದಳು. ಆ ಚೌಕವನ್ನು ಹಾಕಿಸಿದವಳು ತಾನೇ. ಆದರೂ ಅತ್ತ ಒಮ್ಮೆಯೂ ಕಣ್ಣು ಹಾಯಿಸಿರಲಿಲ್ಲ.

"ಅಂದ್ರೆ ದೋಣಿಯಮ್ಮನ ಮಾತು ಈ ಕಟ್ಟಡದವರೆಗೂ ಬಂದಿದೆ," ಎಂದರು ಮಾರ್ಷಲಮ್ಮ. "ಅದರ ಕತ್ತು ಹಿಸುಕಿದ್ದು ಇಲ್ಲೇ. ಇನ್ನು ಯಾರು ಅನ್ನೋದು. ಎಂಜಿನಿಯರ್ ತನ್ನ ಯಂತ್ರದಲ್ಲೇ ದನಿ ನಿಲ್ಲಿಸಬಹುದಿತ್ತು. ಆದ್ರೆ ಹಾಗೆ ನಿಲ್ಲಿಸಿದ್ರೆ ಹೊರಗಿನ ಕೆಂಪು ದೀಪ ಹತ್ತಲ್ಲ. ನಿನ್ನೆ ಅದು ಹತ್ತಿತ್ತು. ಕಾವಲುಗಾರ ನೋಡಿದ್ದಾನೆ, ಪತ್ರಕರ್ತೆ ಜಗಳಾನೇ ಆಡಿದ್ದಾಳೆ. ಒಳಗಿದ್ದವರಿಗೆ ಅದು ಕಾಣಲ್ಲ, ಅಷ್ಟೇ."

ಅಧ್ಯಕ್ಷರು ಮುಂದಕ್ಕೆ ಬಾಗಿದರು. "ಅದು ಹತ್ತೋದು ಗುಪ್ತ ಸಭೆಯ ಗುಂಡಿ ಒತ್ತಿದ್ರೆ!"

"ಹೌದು ಸರ್. ಅದನ್ನ ಇಟ್ಟ ಕಾಲದಲ್ಲಿ ಚಿತ್ರ ಪ್ರಸಾರ ಇರಲಿಲ್ಲ, ಅದಕ್ಕೆ ಅದು ದನಿಯನ್ನಷ್ಟೇ ನುಂಗುತ್ತೆ. ಅನುವಾದಕಿಯ ಹೊಸ ತಂತಿಯ ಪರಿಚಯ ಅದಕ್ಕಿಲ್ಲ. ಆ ಗುಂಡಿ ಇರೋದು ಎರಡೇ ಮೇಜಿನ ಕೆಳಗೆ. ಒಂದು ನಿಮ್ಮದು. ನಿಜ ಹೇಳ್ತೀನಿ, ಮೊದಲು ನಿಮ್ಮ ಮೇಲೇ ಅನುಮಾನ ಬಂತು."

ಯಾರೋ ಕಿಸಕ್ಕೆಂದರು. ಅಧ್ಯಕ್ಷರ ಮುಖ ಕೆಂಪಾಯಿತು.

"ಆದ್ರೆ ಗುಂಡಿಯನ್ನ ಒತ್ತಿ ಹಿಡಿದೇ ಇರಬೇಕು. ಬಿಟ್ರೆ ದನಿ ವಾಪಸ್ ಬರುತ್ತೆ. ಚಿತ್ರದಲ್ಲಿ ನೋಡಿ, ಉದ್ದಕ್ಕೂ ನಿಮ್ಮ ಎರಡೂ ಕೈ ಹೆಡ್‌ಫೋನಿನ ಮೇಲಿವೆ. ಪಾಪ, ಅದಕ್ಕೆ ಬಿದ್ದ ಏಟೇ ನಿಮ್ಮನ್ನ ಉಳಿಸ್ತು." ಮಾರ್ಷಲಮ್ಮ ಪಕ್ಕದ ಮೇಜಿನತ್ತ ತಿರುಗಿದರು. "ಕಾರ್ಯದರ್ಶಿಗಳೇ, ಎಂಜಿನಿಯರ್ ಇನ್ನೂ ಕಾರಣ ಹುಡುಕ್ತಿರುವಾಗಲೇ 'ಆ ಊರಿನ ಲೈನು' ಅಂತ ತೀರ್ಪು ಕೊಟ್ಟೋರು ನೀವು. ಚಿತ್ರಾನೂ ತೆಗೀರಿ ಅಂದೋರೂ ನೀವೇ. ಮೇಜಿನ ಮೇಲೆ ಕಾಣ್ತಿದ್ದ ನಿಮ್ಮ ಕೈ ಒಂದೇ. ಇನ್ನೊಂದು ಎಲ್ಲಿತ್ತು? ಯಾಕೆ ಹೀಗೆ ಮಾಡಿದ್ರಿ ಅನ್ನೋದು ಮಾತ್ರ ನನಗೆ ಗೊತ್ತಿಲ್ಲ. ಅದನ್ನ ನೀವೇ ಹೇಳ್ಬೇಕು."

ಕಾರ್ಯದರ್ಶಿಯ ತಲೆ ತಗ್ಗಿತು. "ಆ ದಡದ ದೋಣಿಗಳು ನಮ್ಮ ಭಾವನವು. ಅವಳು ಏನು ಹೇಳ್ತಾಳೆ ಅಂತ ಮುಂಚೇನೇ ಫೋನಲ್ಲಿ ಕೇಳಿದ್ದೆ. ಅಕ್ಕನ ಮುಖ ನೋಡಿ..."

"ಅಕ್ಕನ ಮುಖ ನೋಡಿದ್ರಿ. ದೋಣಿ ಹತ್ತೋರ ಮುಖ ನೋಡ್ಲಿಲ್ಲ," ಎಂದರು ಮಾರ್ಷಲಮ್ಮ.

ಅಧ್ಯಕ್ಷರು ಬಾಗಿಲತ್ತ ಕೈ ತೋರಿಸಿದರು. ಕಾರ್ಯದರ್ಶಿ ಎದ್ದು ಹೊರನಡೆದರು. ಎಂಜಿನಿಯರ್ ಕರವಸ್ತ್ರದಿಂದ ಹಣೆ ಒರೆಸಿಕೊಂಡ. ಅತ್ತೆ ಸೊಸೆಯ ಪಕ್ಕದಲ್ಲಿ ಬಂದು ಕೂತು ಮೆಲ್ಲಗೆ, "ಕಳ್ಳನನ್ನ ಹಿಡಿದದ್ದು ನಾನಲ್ಲ ಕಣೇ, ನೀನು ಎಳೆಸಿದ ತಂತಿ," ಎಂದರು.

"ಆ ಹೆಂಗಸನ್ನ ಕರೀರಿ," ಎಂದರು ಅಧ್ಯಕ್ಷರು, ಹೆಡ್‌ಫೋನನ್ನು ಜೋಪಾನವಾಗಿ ಕಿವಿಗೇರಿಸುತ್ತ.

ಪರದೆ ಬೆಳಗಿತು. ದೋಣಿಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಅನುಮಾನದಿಂದಲೇ ಕೇಳಿದಳು: "ನಿನ್ನೆ ನಾನು ಅಷ್ಟೊಂದು ಹೇಳಿದ್ದು ಯಾರಿಗೂ ಕೇಳಿಸ್ಲೇ ಇಲ್ವಂತೆ, ಹೌದಾ ಸ್ವಾಮಿ?"

"ಕೇಳಿಸಿತಮ್ಮ," ಎಂದರು ಅಧ್ಯಕ್ಷರು. "ಕಿವಿ ಕೇಳದವರಿಗೆಲ್ಲ ಚೆನ್ನಾಗಿ ಕೇಳಿಸಿತು. ಇವತ್ತು ನಮಗೂ ಸ್ವಲ್ಪ ಹೇಳು."