ಮೊಳೆತೋಟಾದ ಕೋವಿ

ಕಬ್ಬಿಣದ ಕೆಲಸದವರ ಕಾವಲು ಸಂತ ಎಲ್ವಾನ ಹಬ್ಬಕ್ಕೆ ಮೂರೇ ದಿನ ಉಳಿದಿತ್ತು. ಅಷ್ಟರೊಳಗೆ ವೆರ್ಕೋರ್ ಬೆಟ್ಟದ ಒಂದು ಗುಹೆಯಿಂದ ಕೋವಿಯೊಂದನ್ನು ತೆಗೆದು ಸೇಂತ್ ಎತಿಯೆನ್ ಊರಿಗೆ ಮುಟ್ಟಿಸಬೇಕಾಗಿತ್ತು. ಮುಟ್ಟಿಸದಿದ್ದರೆ ಕ್ಲೋದಿಯುಸ್ ಓರಿಯೋಲ್‌ನ ಸತ್ತ ಮಗ ಎಂದೆಂದಿಗೂ ಕಳ್ಳನೆನಿಸಿಕೊಳ್ಳುತ್ತಿದ್ದ.

ಅದು ಯಾರೊಬ್ಬರ ಸ್ವತ್ತೂ ಅಲ್ಲದ ಕೋವಿ. ತೊಂಬತ್ತು ವರ್ಷಗಳ ಹಿಂದೆ ಊರಿನ ಹನ್ನೆರಡು ಮಂದಿ ಕೋವಿ ಕುಶಲಿಗಳು ಒಬ್ಬೊಬ್ಬರು ಒಂದೊಂದು ಭಾಗವನ್ನು ಮಾಡಿ, ಕೂಡಿಸಿ, ತಮ್ಮ ಸಂಘಕ್ಕೆ ಒಪ್ಪಿಸಿದ್ದರು. ಜೋಡುನಳಿಗೆ, ಲೆಫೋಶೋ ಪದ್ಧತಿಯದು. ಅದರ ತೋಟಾದ ಬುಡದಲ್ಲಿ ಪಕ್ಕಕ್ಕೆ ಚಾಚಿದ ಒಂದು ಹಿತ್ತಾಳೆ ಮೊಳೆ ಇರುತ್ತದೆ. ಮೇಲಿನ ಕೊಕ್ಕೆ, ಕೋವಿಯವರು ಕುದುರೆ ಎನ್ನುವುದು, ಆ ಮೊಳೆಯ ತಲೆಗೆ ಬಡಿದರೆ ಮದ್ದು ಹೊತ್ತಿಕೊಳ್ಳುತ್ತದೆ. ಮೊಳೆ ನಳಿಗೆಯ ಸೀಳಿನಿಂದ ಹೊರಗೆ ಇಣುಕುವುದರಿಂದ ಕತ್ತಲಲ್ಲೂ ಬೆರಳಾಡಿಸಿ, ಕೋವಿ ತುಂಬಿದೆಯೋ ಇಲ್ಲವೋ ಹೇಳಬಹುದು. ಅದರ ಗುಣವೂ ಅದೇ, ಅಪಾಯವೂ ಅದೇ. ಬಡಿದದ್ದು ಕುದುರೆಯೋ ಕಲ್ಲೋ ಎಂದು ಮೊಳೆ ವಿಚಾರಿಸುವುದಿಲ್ಲ.

ಜರ್ಮನರು ಬಂದ ಚಳಿಗಾಲದಲ್ಲಿ ಮನೆಮನೆಯ ಕೋವಿಗಳನ್ನೂ ಪುರಭವನಕ್ಕೆ ಒಪ್ಪಿಸಬೇಕೆಂದು ಆಜ್ಞೆಯಾಯಿತು. ಮರುದಿನ ನೋಡಿದರೆ ಸಂಘದ ಬೀರು ಖಾಲಿ. ಕ್ಲೋದಿಯುಸ್‌ನ ಮಗ ಬ್ಲೇಜ್ ಕೂಡ ಊರಲ್ಲಿರಲಿಲ್ಲ. ಒಂದೂವರೆ ವರ್ಷದ ಮೇಲೆ ಅವನು ಬೆಟ್ಟದಲ್ಲಿ ಜರ್ಮನರ ಗುಂಡಿಗೆ ಸಿಕ್ಕಿ ಸತ್ತ ಸುದ್ದಿ ಬಂತು. ಕೋವಿಯ ಸುದ್ದಿ ಬರಲಿಲ್ಲ. “ಯಾವನೋ ಜರ್ಮನ್ ಅಧಿಕಾರಿಗೆ ಮಾರಿಕೊಂಡಿರ್ತಾನೆ” ಎಂಬ ಮಾತು ಹುಟ್ಟಿತು. ಈಗ ಯುದ್ಧ ಮುಗಿದು ಸಂಘದ ಮೃತರ ಹೆಸರುಗಳನ್ನು ಹಬ್ಬದ ಪೂಜೆಯಲ್ಲಿ ಓದಿ, ಕಲ್ಲಿನಲ್ಲಿ ಕೆತ್ತುವುದಿತ್ತು. ಕೋವಿ ಬಂದರೆ ಬ್ಲೇಜ್‌ನ ಹೆಸರನ್ನು ಓದುತ್ತೇವೆ, ಇಲ್ಲದಿದ್ದರೆ ಇಲ್ಲ ಎಂದು ಹಿರಿಯರು ತೀರ್ಮಾನಿಸಿದ್ದರು.

ಅಂಥ ಹೊತ್ತಿನಲ್ಲಿ ಬೆಟ್ಟದ ಕುರಿಗಾಹಿ ಹೆಂಗಸು ಫಿಲೋಮೆನ್ ರಾವಿಯಿಂದ ಕಾಗದ ಬಂತು. ‘ನಿಮ್ಮ ಮಗ ಗುಹೆಯಲ್ಲಿಟ್ಟದ್ದು ಅಲ್ಲೇ ಇದೆ. ಫಿರಂಗಿಯ ಏಟಿಗೆ ಕುಸಿದು ಮುಚ್ಚಿದ್ದ ಬಾಯಿ ಈ ಸಲದ ನೀರಿಗೆ ತೆರೆದುಕೊಂಡಿದೆ. ಬೇಗ ಬನ್ನಿ. ದೊಡ್ಡ ಮಳೆ ಬಿದ್ದರೆ ಒಳಗೆ ಹೊಳೆ ಏಳುತ್ತದೆ.’

ಕ್ಲೋದಿಯುಸ್‌ಗೆ ಅರವತ್ತೇಳು ವರ್ಷ. ಕೋವಿಗೆ ಮರದ ಹಿಡಿ ಕೆತ್ತುವುದು ಅವನ ಕಸುಬು. ಸಂಘದ ಸಾಕ್ಷಿಯಾಗಿ ಜೊತೆಗೆ ಹೊರಟವನು ನಳಿಗೆ ಕೊರೆಯುವ ಪೆತ್ರುಸ್ ಗಾಶೆ. ಇಬ್ಬರೂ ಹುಡುಗರಾಗಿದ್ದಾಗ ಒಂದೇ ಮೇಸ್ತ್ರಿಯ ಕೈಯಲ್ಲಿ ಏಟು ತಿಂದವರು. ‘ಮಾರಿಕೊಂಡ’ ಎಂಬ ಮಾತು ಮೊದಲು ಹೊರಟದ್ದು ಇದೇ ಪೆತ್ರುಸನ ಬಾಯಿಂದ.

“ಕೋವಿ ಸಿಗ್ದಿದ್ರೆ ನನ್ನ ಬಯ್ಬೇಡ” ಎಂದ ಪೆತ್ರುಸ್, ಏರಿನಲ್ಲಿ ಏದುಸಿರು ಬಿಡುತ್ತ.

“ಸಿಕ್ಕಿದ್ರೂ ಬಯ್ತೀನಿ. ನಡಿ” ಎಂದ ಕ್ಲೋದಿಯುಸ್.

ಬಸ್ಸು ಬಿಟ್ಟ ಹಳ್ಳಿಯಿಂದ ಮೇಲಕ್ಕೆ ಎಲೆ ಕಳೆದುಕೊಂಡ ಬೀಚ್ ಮರಗಳ ಕಾಡು. ಒದ್ದೆಯಾದ ಕೆಂಪು ತರಗೆಲೆ ಮೊಳಕಾಲುದ್ದ ಬಿದ್ದು ಕಲ್ಲಿನ ಬಿರುಕುಗಳನ್ನೆಲ್ಲ ಮುಚ್ಚಿತ್ತು. ಕೋಲು ಊರಿ ನೋಡದೆ ಹೆಜ್ಜೆ ಇಡುವಂತಿರಲಿಲ್ಲ. ಕಾಡು ಮುಗಿದಲ್ಲಿ ಬಿಳಿಯ ಸುಣ್ಣಕಲ್ಲಿನ ಗೋಡೆಗಳು ಮೋಡದೊಳಕ್ಕೆ ಎದ್ದು ಹೋಗಿದ್ದವು. ಆ ಕಲ್ಲು ಮಳೆನೀರನ್ನು ಕುಡಿಯುತ್ತದೆ, ಕುಡಿದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಬೆಟ್ಟದ ತಲೆಗೆ ಬಿದ್ದ ಮಳೆ ಎರಡು ಗಂಟೆಗಳಲ್ಲಿ ಗುಹೆಯ ಬಾಯಿಂದ ಹೊಳೆಯಾಗಿ ಹೊರಡುತ್ತದೆ. ತೆಂಕಣದಿಂದ ಬೆಚ್ಚನೆಯ ಗಾಳಿ ಬೀಸುತ್ತಿತ್ತು. ಕ್ಲೋದಿಯುಸ್ ಮತ್ತೆಮತ್ತೆ ಆಕಾಶ ನೋಡಿದ. ಮಗನ ಗೋರಿಯ ಮೇಲಿನ ಮರದ ಶಿಲುಬೆ ಇಲ್ಲೇ ಕೆಳಗಿನ ಹಳ್ಳಿಯಲ್ಲಿತ್ತು. ಬರುವಾಗ ಅಲ್ಲಿ ಮೊಳಕಾಲೂರಿದ್ದ. ಆದರೆ ಪ್ರಾರ್ಥನೆಯ ಒಂದು ಮಾತೂ ಬಾಯಿಗೆ ಬಂದಿರಲಿಲ್ಲ. ತುಂಬಿದ ದುಃಖಕ್ಕೆ ಮಾತು ತರುವವನು ದೇವರೊಬ್ಬನೇ. ಅವನು ಅಂದು ತರಲಿಲ್ಲ.

ಫಿಲೋಮೆನ್ ಗುಹೆಯ ಬಾಯಲ್ಲಿ ಕಾರ್ಬೈಡ್ ದೀಪ ಹೊತ್ತಿಸಿಕೊಂಡು ಕಾದಿದ್ದಳು.

“ಬನ್ನಿ ಯಜಮಾನ್ರೇ. ಈ ಗಾಳಿ ನಂಗೆ ಸರಿ ಕಾಣ್ತಿಲ್ಲ. ಹೋಗಿ ಬಂದ್ಬಿಡೋಣ. ಇವ್ರು ಹಿಡಿಸ್ತಾರಾ ಒಳಗೆ?” ಎಂದು ಪೆತ್ರುಸನ ಹೊಟ್ಟೆಯ ಕಡೆ ನೋಡಿದಳು.

“ಹಿಡಿಸ್ದಿದ್ರೆ ತುರುಕು ತಾಯಿ” ಎಂದ ಪೆತ್ರುಸ್.

ನೂರು ಹೆಜ್ಜೆ ನಡೆಯಬಹುದಾಗಿತ್ತು. ಆಮೇಲೆ ಬಗ್ಗಬೇಕಾಯಿತು. ಆಮೇಲೆ ಹೊಟ್ಟೆಯ ಮೇಲೆ ತೆವಳಬೇಕಾಯಿತು. ಅಡಿಯಲ್ಲಿ ಎರಡು ಬೆರಳು ನೀರು, ಮೇಲೆ ಬೆನ್ನಿಗೆ ತಾಗುವ ಕಲ್ಲು. ಪೆತ್ರುಸ್ ಎರಡು ಸಲ ಸಿಕ್ಕಿಕೊಂಡ. ಎರಡನೆಯ ಸಲ ಅವನು ಬಯ್ಯುವುದನ್ನೂ ನಿಲ್ಲಿಸಿದಾಗ ಕ್ಲೋದಿಯುಸ್‌ಗೆ ನಿಜವಾಗಿ ಹೆದರಿಕೆಯಾಯಿತು. ಅಂಗಿ ಹರಿದ ಸದ್ದಾಯಿತು. ಪೆತ್ರುಸ್ ಈಚೆಗೆ ಬಿದ್ದ.

ಒಳಗೆ ಮೂವರು ಕುಳಿತುಕೊಳ್ಳುವಷ್ಟು ಗೂಡು. ಗೋಡೆಯ ಬಿರುಕಿನಲ್ಲಿ ಎಣ್ಣೆಬಟ್ಟೆ ಸುತ್ತಿದ ಒಂದು ಉದ್ದನೆಯ ವಸ್ತು.

“ಆವತ್ತು ಬೆಳಗ್ಗೆ ಕಾಡೆಲ್ಲ ಸಿಪಾಯಿಗಳು” ಎಂದಳು ಫಿಲೋಮೆನ್. “ನಿಮ್ಮ ಹುಡುಗ ಕೋವಿ ಹಿಡ್ಕೊಂಡು ಒಳಗೆ ಹೋದ. ಇಲ್ಲೇ ಇರ್ತಾನೆ, ಬಂದವ್ರನ್ನ ಹೊಡೀತಾನೆ ಅಂದ್ಕೊಂಡೆ. ಬರೀ ಕೈಯಲ್ಲಿ ಹೊರಗೆ ಬಂದ. ‘ನನ್ನ ಹುಡುಕ್ತಾ ಗುಹೆ ಹುಡುಕಿದ್ರೆ ಹನ್ನೆರಡು ಜನರ ಸ್ವತ್ತು ಹೋಗುತ್ತೆ ಅಕ್ಕಾ’ ಅಂದ. ಕುರಿದೊಡ್ಡಿ ಹತ್ರ ಸಿಕ್ಕಿಬಿದ್ದ, ಅಲ್ಲೇ ಗುಂಡು ಹೊಡೆದ್ರು.”

ಪೆತ್ರುಸ್ ಬಟ್ಟೆಯ ಗಂಟನ್ನು ಬಿಚ್ಚಿದ.

ಕೋವಿಗೆ ಮೈತುಂಬ ಕಪ್ಪು ಜಿಡ್ಡು ಬಳಿದಿತ್ತು. ನಳಿಗೆಯ ಬಾಯಿಗಳಿಗೆ ಚಿಂದಿ ತುರುಕಿ ಜಿಡ್ಡಿನಿಂದ ಮುಚ್ಚಿತ್ತು. ಎರಡು ಕುದುರೆಗಳೂ ಅರ್ಧ ಎತ್ತಿ ನಿಂತಿದ್ದವು.

ಸೇಂತ್ ಎತಿಯೆನ್‌ನ ಕೆಲಸಗಾರ ಎತ್ತಿದ ಕುದುರೆಯನ್ನು ಕಂಡು ಸುಮ್ಮನಿರಲಾರ. ಒಳಗಿನ ಸ್ಪ್ರಿಂಗು ದಣಿಯುತ್ತದೆ. ಯಾರ ಮನೆಗೆ ಹೋಗಲಿ, ಯಾರ ಕೋವಿಯಾಗಲಿ, ಮೊದಲು ಕುದುರೆ ಇಳಿಸಿ ಆಮೇಲೆ ನಮಸ್ಕಾರ ಹೇಳುವುದು ಅಲ್ಲಿಯ ರೂಢಿ. ಕ್ಲೋದಿಯುಸ್‌ನ ಕೈ ಐವತ್ತು ವರ್ಷ ಮಾಡಿದ್ದನ್ನೇ ಮಾಡಿತು. ಹೆಬ್ಬೆರಳಲ್ಲಿ ಬಲಗುದುರೆಯನ್ನು ಕೊಂಚ ಎತ್ತಿ ತಡೆದು, ಕೆಳಗಿನ ಗುಂಡು ಹಾರಿಸುವ ಕೀಲು ಒತ್ತಿ, ಕೂಸನ್ನು ಮಲಗಿಸುವ ಹಾಗೆ ಇಳಿಸಿದ. ಅದು ಪೂರ್ತಿ ಕೂರಲಿಲ್ಲ. ಜಿಡ್ಡಿರಬೇಕು ಎಂದುಕೊಂಡ. ಎಡಗುದುರೆಯನ್ನೂ ಇಳಿಸಿದ. ಅದೂ ಅಷ್ಟೇ ಎತ್ತರದಲ್ಲಿ ನಿಂತಿತು.

ಬೆರಳಿನಿಂದ ಜಿಡ್ಡು ಒರೆಸಿದ. ಕುದುರೆಯ ಬಾಯಡಿಯಲ್ಲಿ ಹಿತ್ತಾಳೆ ಮಿನುಗಿತು.

“ಪೆತ್ರುಸ್, ಅಲುಗಾಡ್ಬೇಡ. ತುಂಬಿದೆ.”

“ಏನು ತುಂಬಿದೆ?”

“ಎರಡೂ ನಳಿಗೆ. ಹುಡುಗ ಕುದುರೆ ಹುಷಾರಾಗಿ ಎತ್ತಿಟ್ಟಿದ್ದ. ನಾನು ಮೊಳೆ ಮೇಲೆ ಇಳಿಸ್ಬಿಟ್ಟೆ.”

ಈಗ ಕುದುರೆಯ ಬೆನ್ನಿಗೆ ಕಲ್ಲು ತಾಗಿದರೂ ಸಾಕಿತ್ತು. ಬಾಯಿ ಕಟ್ಟಿದ ನಳಿಗೆಯಲ್ಲಿ ಮದ್ದು ಹೊತ್ತಿದರೆ ಗುಂಡು ಮುಂದೆ ಹೋಗುವುದಿಲ್ಲ, ನಳಿಗೆಯೇ ಸಿಡಿಯುತ್ತದೆ. ಆ ಗೂಡಿನಲ್ಲಿ ಮೂವರಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ. ಕೋವಿಯನ್ನು ನಡುವೆ ಮಡಿಸಿ ತೆರೆಯೋಣವೆಂದರೆ ಕುದುರೆ ಮೇಲಿರಬೇಕು. ಮೇಲೆತ್ತುವಾಗ ಅರ್ಧದಾರಿಯಲ್ಲಿ ಬೆರಳು ಜಾರಿದರೆ ಮೊಳೆಗೆ ಏಟು.

ಆಗ ಫಿಲೋಮೆನ್ ತಲೆ ತಿರುಗಿಸಿ ಕಿವಿಗೊಟ್ಟಳು.

“ನೀರು ಬಂತು” ಎಂದಳು.

ಬಂದ ದಾರಿಯ ನೆಲದಲ್ಲಿ ಗುಳುಗುಳು ಸದ್ದು. ಎರಡು ಬೆರಳಿದ್ದದ್ದು ಆಗಲೇ ಅಂಗೈಯಗಲ.

“ಇಲ್ಲೇ ಬಿಟ್ಬಿಡಿ ಯಜಮಾನ್ರೇ. ಜೀವ ಮೊದ್ಲು.”

ಕ್ಲೋದಿಯುಸ್ ಪೆತ್ರುಸನ ಮುಖ ನೋಡಿದ. “ನೀನು ಕಣ್ಣಾರೆ ಕಂಡೆ. ಹೇಳಿದ್ರೆ ಸಾಲದಾ?”

ಪೆತ್ರುಸ್ ಗಡ್ಡದ ನೀರು ಒರೆಸಿಕೊಂಡ. “ಹಿರಿಯರು ಕೋವಿ ತಗೊಂಡು ಬಾ ಅಂದ್ರು. ಸುದ್ದಿ ತಗೊಂಡು ಬಾ ಅನ್ಲಿಲ್ಲ. ಎತ್ತೋ ಮಾರಾಯ, ಬೇಗ ಎತ್ತು.”

ಅವನು ಕೋವಿಯ ಹಿಡಿಯನ್ನು ತೊಡೆಗಳ ನಡುವೆ ಅದುಮಿ ಹಿಡಿದ. ಕ್ಲೋದಿಯುಸ್ ಅಂಗಿಯ ತುದಿಗೆ ಹೆಬ್ಬೆರಳು ಒರೆಸಿಕೊಂಡು ಬಲಗುದುರೆಗೆ ಕೊಟ್ಟ. ಚಳಿಗೆ ಕೈ ಮರವಾಗಿತ್ತು. ಎಳೆದ.

ಟಿಕ್ ಎಂದಿತು. ನಿಂತಿತು.

“ಒಂದು” ಎಂದ ಪೆತ್ರುಸ್.

ಎಡಗುದುರೆ ಬಿಗಿಯಾಗಿತ್ತು. ಕ್ಲೋದಿಯುಸ್ ಉಸಿರು ಹಿಡಿದು ಎಳೆದ. ಮೊಳೆಯ ಮೇಲೆ ಒಂದು ಬೆರಳ ಸಂದಾಯಿತು. ಹೆಬ್ಬೆರಳು ಜಿಡ್ಡಿನ ಮೇಲೆ ಸರಿಯಿತು.

ಜಾರಿತು.

ಸದ್ದಾಯಿತು, ಆದರೆ ಮದ್ದಿನದಲ್ಲ. ಪೆತ್ರುಸ್ ಹಲ್ಲು ಕಚ್ಚಿ ನರಳಿದ. ಸಂದಾದೊಡನೆ ಅವನು ತೂರಿಸಿದ್ದ ಕಿರುಬೆರಳು ಕುದುರೆಗೂ ಮೊಳೆಗೂ ನಡುವೆ ಸಿಕ್ಕಿತ್ತು. ರಕ್ತ ಜಿಡ್ಡಿನ ಮೇಲೆ ಇಳಿಯತೊಡಗಿತು.

“ಎಷ್ಟು ಹೊತ್ತು ನೋಡ್ತೀಯೋ ಮೊದ್ದು! ಎತ್ತು!”

ಈ ಸಲ ಕ್ಲೋದಿಯುಸ್ ಎರಡು ಹೆಬ್ಬೆರಳನ್ನೂ ಕೊಟ್ಟು, ಎಲ್ವಾ ಸ್ವಾಮಿಯ ಹೆಸರು ಹೇಳಿ ಎಳೆದ. ಟಿಕ್ ಎಂದಿತು. ಪೆತ್ರುಸ್ ಬೆರಳನ್ನು ಎಳೆದುಕೊಂಡು ಬಾಯಿಗಿಟ್ಟುಕೊಂಡ.

ನೀರು ಮೊಣಕೈಗೆ ಬಂದಿತ್ತು. ಕೋವಿಯನ್ನು ಬಿಚ್ಚುವ ಅಡಿಗೀಲು ಗಟ್ಟಿಯಾದ ಜಿಡ್ಡಿನಲ್ಲಿ ಕಚ್ಚಿಕೊಂಡಿತ್ತು. ಬಡಿಯುವ ಹಾಗಿರಲಿಲ್ಲ. ಫಿಲೋಮೆನ್ ಪೆತ್ರುಸನ ಜೇಬಿಗೇ ಕೈ ಹಾಕಿ ಸಾರಾಯಿ ಸೀಸೆ ತೆಗೆದಳು.

“ಅಯ್ಯೋ, ಅದು ನಮ್ಮಪ್ಪನ ಕಾಲದ್ದು ತಾಯಿ!”

“ಹಂಗಾದ್ರೆ ಜೋರಾಗೇ ಇರುತ್ತೆ” ಎಂದು ದೀಪವನ್ನು ದೂರ ಸರಿಸಿ, ಕೀಲಿನ ಮೇಲೆ ಪೂರ್ತಿ ಸುರಿದಳು.

ಜಿಡ್ಡು ಕರಗಿತು. ಕೀಲು ಒಂದು ಕೂದಲಷ್ಟು ತಿರುಗಿತು, ಆಮೇಲೆ ಪೂರ್ತಿ ತಿರುಗಿತು. ನಳಿಗೆಗಳು ತಲೆ ಬಾಗಿಸಿದವು. ಕ್ಲೋದಿಯುಸ್ ಮೊಳೆಯನ್ನೇ ಹಿಡಿದು ಮೆಲ್ಲಗೆ ಎಳೆದ. ಒಂದು ತೋಟಾ ಬಂತು, ಎರಡನೆಯದೂ ಬಂತು. ಎರಡೂ ಹಾರಿಸದವು. ಒಂದು ಗಳಿಗೆ ಅಂಗೈಯಲ್ಲಿಟ್ಟುಕೊಂಡು ನೋಡಿ, ನೀರಿಗೆ ಬಿಟ್ಟ.

ನಳಿಗೆ ಒಂದು ಕಡೆ, ಹಿಡಿ ಒಂದು ಕಡೆ ಬೇರ್ಪಡಿಸಿದರು. ಫಿಲೋಮೆನ್ ಮುಂದೆ, ನಳಿಗೆ ಎಳೆದುಕೊಂಡು ಪೆತ್ರುಸ್ ನಡುವೆ, ಹಿಡಿಯನ್ನು ಎದೆಗೆ ಕಟ್ಟಿಕೊಂಡು ಕ್ಲೋದಿಯುಸ್ ಹಿಂದೆ.

ತೆವಳುದಾರಿಯಲ್ಲಿ ಮೂಗು ಎತ್ತಲು ಮಾತ್ರ ಜಾಗವಿತ್ತು. ದೀಪ ನೀರು ಕುಡಿದು ಆರಿತು.

“ನನ್ನ ಕಾಲು ಹಿಡ್ಕೋ” ಎಂದ ಪೆತ್ರುಸ್ ಕತ್ತಲಲ್ಲಿ. “ಬಿಡ್ಬೇಡ.”

ಕ್ಲೋದಿಯುಸ್ ಬಿಡಲಿಲ್ಲ. ಒಂದು ಕಡೆ ನೀರು ಚಾವಣಿಯನ್ನು ಮುಟ್ಟಿತ್ತು. ಉಸಿರು ಕಟ್ಟಿ ಮುಳುಗಿದರು. ಎದೆಯ ಮರ ಕಲ್ಲಿಗೆ ಸಿಕ್ಕಿ ಅವನನ್ನು ಹಿಡಿದು ನಿಲ್ಲಿಸಿತು. ಕೈಯಲ್ಲಿದ್ದ ಕಾಲು ಒದೆಯಿತು, ಎಳೆಯಿತು, ಮತ್ತೆ ಎಳೆಯಿತು. ಕಿವಿಯಲ್ಲಿ ರಕ್ತ ಬಡಿಯುತ್ತಿತ್ತು. ಮರಣಕಾಲದ ಪ್ರಾರ್ಥನೆಯನ್ನು ಅವನು ಅರ್ಧ ಹೇಳಿಕೊಂಡ. ಅಷ್ಟರಲ್ಲಿ ಮುಖಕ್ಕೆ ಗಾಳಿ ತಾಗಿತು.

ಹೊರಗೆ ಮಧ್ಯಾಹ್ನದ ಮಳೆ ಸುರಿಯುತ್ತಿತ್ತು. ಮೂವರೂ ಕಲ್ಲಿನ ಮೇಲೆ ಕೆಮ್ಮುತ್ತ ಬಿದ್ದುಕೊಂಡರು. ಹಿಂದೆ ಗುಹೆ ಕಂದುನೀರನ್ನು ಕಾರಿತು.

“ಮಾರಿಕೊಂಡ ಅಂದಿದ್ದು ನಾನೇ” ಎಂದ ಪೆತ್ರುಸ್.

“ಗೊತ್ತು.”

“ಮತ್ತೆ ಇಷ್ಟು ದಿನ ನನ್ನ ಜೊತೆ ಇಸ್ಪೀಟು ಆಡಿದ್ಯಲ್ಲೋ?”

“ನಿನ್ನ ಬಿಟ್ರೆ ಸೋಲೋರು ಬೇರೆ ಯಾರಿದಾರೆ?”

ಫಿಲೋಮೆನ್ ಮೊದಲು ನಕ್ಕಳು. ಆಮೇಲೆ ತನ್ನ ತಲೆವಸ್ತ್ರ ಹರಿದು ಪೆತ್ರುಸನ ಬೆರಳಿಗೆ ಸುತ್ತಿದಳು.

ಡಿಸೆಂಬರ್ ಒಂದರ ಬೆಳಗ್ಗೆ, ಉಜ್ಜಿ ಒರೆಸಿದ ಕೋವಿ ಬಲಿಪೀಠದ ಮುಂದಿನ ಕೆಂಪು ಬಟ್ಟೆಯ ಮೇಲೆ ಮಲಗಿತ್ತು. ಪಟ್ಟಿ ಓದುವ ಸರದಿ ಪೆತ್ರುಸನದು. ಊದಿದ ಬೆರಳಿನಿಂದ ಹಾಳೆ ಹಿಡಿಯಲು ಅವನು ಪರದಾಡಿದ. ಚರ್ಚಿನಲ್ಲಿ ಚಳಿಯಿತ್ತು, ಜನ ಕೆಮ್ಮುತ್ತಿದ್ದರು, ಕಾಲು ಉಜ್ಜುತ್ತಿದ್ದರು. ಕ್ಲೋದಿಯುಸ್ ಹಿಂದಿನ ಕಂಬದ ಬಳಿ ಟೋಪಿ ಹಿಡಿದು ನಿಂತಿದ್ದ.

“ಬೆನುವಾ ನೇರೆ, ನಳಿಗೆ ಕೊರೆಯುವವ. ಬ್ಲೇಜ್ ಓರಿಯೋಲ್, ಹಿಡಿ ಕೆತ್ತುವವ. ಜೊವಾನೆಸ್ ಪಾರೆ, ಚಿತ್ತಾರದವ.”

ಪೆತ್ರುಸ್ ಆ ಹೆಸರನ್ನು ಜೋರಾಗಿಯೂ ಓದಲಿಲ್ಲ, ನಿಧಾನವಾಗಿಯೂ ಓದಲಿಲ್ಲ. ಮಿಕ್ಕವುಗಳಂತೆಯೇ ಓದಿ ಮುಂದೆ ಹೋದ. ಯಾರೂ ತಿರುಗಿ ನೋಡಲಿಲ್ಲ. ಯಾರೂ ಪಿಸುಗುಡಲಿಲ್ಲ. ಕ್ಲೋದಿಯುಸ್‌ನ ಮಗ ಸತ್ತವರ ನಡುವೆ ಒಬ್ಬ ಸತ್ತವನಾಗಿದ್ದ, ಕೆಲಸದವರ ನಡುವೆ ಒಬ್ಬ ಕೆಲಸದವ.

ಕ್ಲೋದಿಯುಸ್ ಮೊಳಕಾಲೂರಿದ. ಬೆಟ್ಟದ ಕೆಳಗೆ ಮಗನ ಶಿಲುಬೆಯ ಮುಂದೆ ಬಾಯಿಗೆ ಬಾರದಿದ್ದ ಮಾತು ಈಗ ತಾನಾಗಿ ಬಂತು.