ಒಂದು ಗಂಟೆಯ ಸೈರನ್

"ಲಾಠಿ ಹಿಡಿಯೋ ಕೈಗೆ ಇದರಾಗ ಏನ್ ತಿಳೀತದ್ರಿ ಮೇಡಂ? ಡಿಗ್ರಿ ಸುದ್ದಾ ಮುಗಿಸಿಲ್ಲಂತ ಇಂವ. ಕೋಣನ ಮುಂದ ಕಿನ್ನರಿ ಬಾರಿಸಿದಂಗ ಆಗ್ತದ."

ವಾಡಿ ಠಾಣೆಯಲ್ಲಿ ಆಗ ಎಂಟು ಮಂದಿ ಇದ್ದರು. ಠಾಣೆಯ ಬರವಣಿಗೆ ನೋಡುವ ರೈಟರ್ ನಕ್ಕರು. ಪಾಸ್‌ಪೋರ್ಟ್ ವಿಚಾರಣೆಗೆ ಬಂದಿದ್ದವರೂ ನಕ್ಕರು. ಪೆನ್‌ಡ್ರೈವ್‌ಗಾಗಿ ಚಾಚಿದ್ದ ಕೈಯನ್ನು ಕಾನ್‌ಸ್ಟೇಬಲ್ ಸಿದ್ಧಲಿಂಗ ಹಿಂದಕ್ಕೆ ತೆಗೆಯಲಿಲ್ಲ. ಕಿವಿ ಮಾತ್ರ ಕೆಂಡವಾಗಿದ್ದವು.

ಅಂದು 2025ರ ಫೆಬ್ರವರಿ 13, ಗುರುವಾರ, ಬೆಳಿಗ್ಗೆ 11.20. ಮಾತಾಡಿದವರು ರಾವೂರ ರಸ್ತೆಯ ಒಂದು ಖಾಸಗಿ ಕಲ್ಲುಗಣಿಯ ಮ್ಯಾನೇಜರ್ ಅಶೋಕಕುಮಾರ. ಗಣಿಯಲ್ಲಿ ಬಂಡೆ ಹಾರಿಸುವ ಮೊದಲು ಸೈರನ್ ಕೂಗಿಸಬೇಕು. ಈಗ ಕರೆಂಟಿನದು ಬಂದಿದೆ; ಅದು ಕೈಕೊಟ್ಟರೆ ಇರಲೆಂದು ಹಿಡಿಕೆ ತಿರುಗಿಸಿ ಕೂಗಿಸುವ ಹಳೆಯದನ್ನು ಸ್ಟೋರಿನಲ್ಲಿಟ್ಟಿದ್ದರು. 5ನೇ ತಾರೀಖು ಬೆಳಿಗ್ಗೆ ಒಂಬತ್ತಕ್ಕೆ ಇದ್ದದ್ದು ಮಧ್ಯಾಹ್ನ ಎರಡಕ್ಕೆ ಇರಲಿಲ್ಲ. ವಾರವಿಡೀ ತಾವೇ ಹುಡುಕಿ ಸೋತು ಠಾಣೆಗೆ ಬಂದಿದ್ದರು. ಕಿಮ್ಮತ್ತು ಹದಿನೆಂಟು ಸಾವಿರ. ಪಿಎಸ್‌ಐ ದಾನೇಶ್ವರಿ ಎಫ್‌ಐಆರ್ ದಾಖಲಿಸಿಕೊಂಡರು.

ಕಳ್ಳ ಯಾರೆಂದೂ ಅಶೋಕಕುಮಾರರೇ ಹೇಳಿದರು. ಗಣಿಯ ಗೇಟು ಕಾರ್ಡು ತೋರಿಸಿದರೆ ತೆರೆಯುತ್ತದೆ. ಒಳಗೆ ಹೋದದ್ದು, ಹೊರಗೆ ಬಂದದ್ದು ಕಂಪ್ಯೂಟರಿನಲ್ಲಿ ಬೀಳುತ್ತದೆ. ಅದರ ರಿಪೋರ್ಟಿನ ಪ್ರಕಾರ, 5ರಂದು ಅರ್ಧ ದಿನ ರಜೆ ಬರೆದಿದ್ದ ಸ್ಟೋರ್ ಕಾವಲುಗಾರ ಸಾಯಬಣ್ಣ ಗಣಿ ಬಿಟ್ಟು ಹೊರಗೆ ಬಂದೇ ಇಲ್ಲ.

ಮಧ್ಯಾಹ್ನ ಸಾಯಬಣ್ಣನನ್ನು ಕರೆತಂದರು.

"ರಜಾ ಬರೆದು ಎಲ್ಲಿ ಇದ್ದಿ?" ದಾನೇಶ್ವರಿ ಕೇಳಿದರು.

"ಹತ್ತೂ ನಲವತ್ತಕ್ಕ ಹೊರಗ ಬಿದ್ದೀನ್ರಿ. ನಾಲವಾರಕ್ಕ ಹ್ವಾದೆ, ಊರಿಗಿ. ಮಗಳ ನೋಡ್ಲಿಕ್ಕ ಬೀಗರು ಬಂದಿದ್ರು."

"ಅವರನ್ನೇ ಕೇಳ್ತೀವಿ. ವಿಳಾಸ ಹೇಳು."

ಸಾಯಬಣ್ಣ ಕುರ್ಚಿ ಬಿಟ್ಟು ನೆಲಕ್ಕೆ ಕುಂತ. "ಅದೊಂದು ಬ್ಯಾಡ್ರಿ ಯಕ್ಕಾ. ಐತವಾರ ಹೂಂ ಅಂತೀವಿ ಅಂದಾರ. ಅವರ ಬಾಗಿಲಿಗಿ ಖಾಕಿ ಹ್ವಾದ್ರ ನನ್ನ ಮಗಳಿಗಿ ಕಳ್ಳನ ಮಗಳಂತಾರ. ಬೇಕಂದ್ರ ನನ್ನ ಒಳಗ ಹಾಕ್ರಿ. ವಿಳಾಸ ಮಾತ್ರ ಹೇಳಂಗಿಲ್ಲ."

ಅಷ್ಟರಲ್ಲಿ ಒಂದು ಗಂಟೆಯ ಸೈರನ್ ಕೂಗಿತು. ದಾನೇಶ್ವರಿ ಬುತ್ತಿ ಡಬ್ಬಿ ಬಿಚ್ಚಿದರು. "ಉಂಡು ಮಾತಾಡೋಣ. ನೀನೂ ಉಣ್ಣು. ಸಂಜೀತನಕಾ ನೋಡ್ತೀನಿ. ಬ್ಯಾರೆ ದಾರಿ ಸಿಗಲಿಲ್ಲಂದ್ರ ನಾಳೆ ಬೀಗರ ಮನಿಗೇ ಹೋಗ್ಬೇಕಾಗ್ತದ."

ಸಿದ್ಧಲಿಂಗ ಉಣ್ಣಲಿಲ್ಲ. ರಿಪೋರ್ಟನ್ನು ಪಕ್ಕಕ್ಕಿಟ್ಟು, ಪೆನ್‌ಡ್ರೈವಿನಲ್ಲಿದ್ದ ಗೇಟಿನ ಮೂಲ ಕಡತವನ್ನೇ ತೆರೆದ. ತಾರೀಖು, ವೇಳೆ, ಕಾರ್ಡು, ಹೆಸರು, ಗೇಟು, ಒಳಗೆ ಅಥವಾ ಹೊರಗೆ. ನಡುನಡುವೆ ಕಾಮಾ ಬಿಟ್ಟರೆ ಉಸಿರಾಡಲೂ ಜಾಗವಿಲ್ಲದೆ ನಾಲ್ಕು ಸಾವಿರ ಸಾಲು ಸಕ್ಕರೆಗೆ ಮುತ್ತಿದ ಇರುವೆಯಂತೆ ಕಂಡವು. ಬೇರೆ ಪ್ರಕರಣಗಳಲ್ಲಿ ಮೊಬೈಲ್ ಕರೆಗಳ ಪಟ್ಟಿಗಳೂ ಹೀಗೇ ಬರುತ್ತಿದ್ದವು. ಅವನ್ನು ಓದಲಾಗದೆ ಕಣ್ಣು ಉರಿಸಿಕೊಂಡು, ಹಟಕ್ಕೆ ಬಿದ್ದು ಒಂದು ಸ್ಕ್ರಿಪ್ಟ್ ಬರೆಯಲು ಕಲಿತಿದ್ದ. ಹದಿನಾಲ್ಕೇ ಸಾಲು. ಕಾಮಾ ಬಂದಲ್ಲಿ ಕತ್ತರಿಸು. ಪ್ರತಿ ಖಾನೆಯಲ್ಲಿ ಅತಿ ಉದ್ದದ್ದು ಎಷ್ಟೆಂದು ಅಳೆ. ಉಳಿದವಕ್ಕೆ ಖಾಲಿ ಜಾಗ ತುಂಬಿ ಅಷ್ಟೇ ಉದ್ದ ಮಾಡು. ನಡುವೆ ಗೀಟು ಎಳೆ. ಶಹಾಬಾದಿನಲ್ಲಿ ಅವನಪ್ಪ ನೆಲಕ್ಕೆ ಪರಸಿ ಕಲ್ಲು ಹಾಸುವಾಗ ದಾರ ಹಿಡಿದು ಸಂದಿಗೆ ಸಂದಿ ಕೂಡಿಸುತ್ತಿದ್ದನಲ್ಲ, ಹಾಗೆ. ಟೆಕ್ಸ್ಟ್ ಎಡಿಟರಿನೊಳಗೇ ಅದನ್ನು ಓಡಿಸಿದ. ಇರುವೆಗಳು ಸಾಲುಗಟ್ಟಿ ನಿಂತವು.

4.10ಕ್ಕೆ ಕೂಗಿದ. "ಮೇಡಂ, ಒಂದು ಪರಸಿ ಸಾಲು ಬಿಟ್ಟು ಹೊರಗ ಬಂದದ ನೋಡ್ರಿ."

ಎಲ್ಲರಿಗೂ ಆರು ಖಾನೆ. ಸಾಯಬಣ್ಣನ ಸಾಲುಗಳಿಗೆ ಮಾತ್ರ ಏಳು.

"ಗಣ್ಯಾಗ ಇಬ್ಬರು ಸಾಯಬಣ್ಣ ಅದಾರ. ಗುರುತು ಇರ್ಲಿ ಅಂತ ಇವನ ಹೆಸರಿಗಿ ಕಾಮಾ ಹಾಕಿ ನಾಲವಾರ ಅಂತ ಊರು ಹಚ್ಚ್ಯಾರ."

"ನಮ್ಮ ಕಡಿ ಎಲ್ಲಾರೂ ಹಂಗೇ ಕರೀತಾರಲ್ಲೋ."

"ಕಂಪ್ಯೂಟರ್ ಕರಿಯಲ್ರಿ. ಅದಕ್ಕ ಕಾಮಾ ಬಂತಂದ್ರ ಹೊಸ ಖಾನಿ. ನಾಲವಾರ ಹೋಗಿ ಗೇಟಿನ ಜಾಗದಾಗ ಕುಂತದ. ಗೇಟು ಮುಂದಕ್ಕ ಸರದದ. 'ಹೊರಗೆ' ಅನ್ನೋದು ಏಳನೇ ಖಾನಿಗಿ ಬಿದ್ದದ. ರಿಪೋರ್ಟ್ ಆರೇ ಓದ್ತದ. 'ಹೊರಗೆ' ಕಾಣಲಿಲ್ಲಂದ್ರ ಒಳಗೇ ಅದಾನಂತ ಬರೀತದ." ಅವನು ಬೆಂಚಿನತ್ತ ನೋಡಿದ. "ಅದರ ಲೆಕ್ಕದಾಗ ಸಾಯಬಣ್ಣ ಇಲ್ಲಿ ಕುಂತೇ ಇಲ್ಲ. ಇನ್ನೂ ಗಣ್ಯಾಗೇ ಅದಾನ."

ಹೊರಗೆ, 10.41. ಏಳನೇ ಖಾನೆಯಲ್ಲಿ ಸ್ಪಷ್ಟವಾಗಿತ್ತು. ಗಣಿಯಿಂದ ಕಾವಲಿನ ಪುಸ್ತಕ ತರಿಸಿ ನೋಡಿದರೆ, ಹನ್ನೊಂದಕ್ಕೆ ಬದಲಿಗೆ ಬಂದವನು ಸ್ಟೋರ್ ಎಣಿಸಿ ಸೈರನ್ ಇದೆಯೆಂದು ಸಹಿ ಹಾಕಿದ್ದ.

"ಮನಿಗಿ ನಡಿ," ದಾನೇಶ್ವರಿ ಸಾಯಬಣ್ಣನಿಗೆ ಹೇಳಿದರು. "ಬೀಗರ ಬಾಗಿಲಿಗಿ ಯಾರೂ ಹೋಗಲ್ಲ. ಐತವಾರ ಪೇಡೆ ತರೋದು ಮರೀಬ್ಯಾಡ."

ನೆಟ್ಟಗಾದ ಸಾಲುಗಳಲ್ಲಿ, ಅದೇ 5ನೇ ತಾರೀಖಿನಲ್ಲಿ, ಇನ್ನೊಂದು ಕಡೆ ಹಲ್ಲು ಉದುರಿದಂತೆ ಕಾಣುತ್ತಿತ್ತು. 11.20 ಒಳಗೆ, 11.38 ಹೊರಗೆ, ಕಾರ್ಡು 41, ಹೆಸರಿನ ಖಾನೆ ಬರಿದು. ಹೆಸರಿಲ್ಲದ ಸಾಲನ್ನು ರಿಪೋರ್ಟ್ ತೋರಿಸಿಯೇ ಇರಲಿಲ್ಲ.

14ರ ಬೆಳಿಗ್ಗೆ ಗಣಿಯ ರಿಜಿಸ್ಟರ್ ನೋಡಿದರು. ಕಾರ್ಡು 41 ಮಜೀದಸಾಬನದು. ಮೂವತ್ತೊಂದು ವರ್ಷ ದಿನಾ ಒಂದು ಗಂಟೆಗೆ ಆ ಸೈರನ್ ತಿರುಗಿಸಿದವನು, ಜನವರಿಯಲ್ಲಿ ನಿವೃತ್ತಿ. ಕಂಪ್ಯೂಟರಿನಿಂದ ಹೆಸರು ಅಳಿಸಿದ್ದರು. ಕಾರ್ಡು ಬಂದ್ ಮಾಡಿರಲಿಲ್ಲ, ವಾಪಸೂ ಕೇಳಿರಲಿಲ್ಲ. 5ರಂದು ಗೋಣಿಚೀಲ ಕಟ್ಟಿದ ಅವನ ಮೊಪೆಡ್ ಹೊರಟಾಗ ಕಾವಲಿನವರು ಸಲಾಂ ಹೊಡೆದಿದ್ದರು, ಎಂದಿನಂತೆ.

"ಮನಿ ಎಲ್ಲದ?" ದಾನೇಶ್ವರಿ ಕೇಳಿದರು.

ಸಿದ್ಧಲಿಂಗ ತಲೆ ಕೆರೆದುಕೊಂಡ. "ನಮ್ಮ ಠಾಣೆ ಹಿಂದಿನ ಗಲ್ಲಿರಿ."

ಅವರು ಗಲ್ಲಿ ಮುಟ್ಟುವಾಗ ಸರಿಯಾಗಿ ಒಂದು ಗಂಟೆ. ಸೈರನ್ ಎದೆಗೇ ಗುದ್ದಿದಂತೆ ಕೂಗಿತು. ದಾನೇಶ್ವರಿ ನಿಂತುಬಿಟ್ಟರು. ಕಾರ್ಖಾನೆ, ಗಣಿ, ರೈಲು ಎಂದು ದಿನವಿಡೀ ಏನಾದರೊಂದು ಕೂಗುವ ವಾಡಿಯಲ್ಲಿ ಯಾವುದು ಎಲ್ಲಿಯದೆಂದು ಯಾರು ನೋಡುತ್ತಾರೆ? ಕಳುವಾದ ಸೈರನ್ನಿಗೆ ಒಂದು ವಾರದಿಂದ ಪೊಲೀಸರೇ ಬುತ್ತಿ ಬಿಚ್ಚುತ್ತಿದ್ದರು.

ಅಂಗಳದಲ್ಲಿ ಮಜೀದಸಾಬ ಹಿಡಿಕೆ ತಿರುಗಿಸುತ್ತಿದ್ದ. ಪಡಸಾಲೆಯಲ್ಲಿ ಅವನ ಹೆಂಡತಿ ಹುಸೇನಬಿ ತಾಟು ಹತ್ತಿರ ಎಳೆದುಕೊಂಡು ರೊಟ್ಟಿ ಮುರಿದಳು.

"ನೀವೇ ತಂದ್ರಾ?" ದಾನೇಶ್ವರಿ ಕೇಳಿದರು.

"ಹೌದ್ರಿ."

"ಯಾಕ?"

ಮುದುಕ ಹೆಂಡತಿಯ ಕಡೆ ನೋಡಿದ. "ಆಕಿಗಿ ಎಲ್ಲಾ ಮರತದರಿ. ಮಕ್ಕಳ ಹೆಸರು, ನನ್ನ ಮುಖ. ನಾನು ಉಣ್ಣು ಅಂದ್ರ, ನೀ ಯಾರಪ್ಪಾ, ನಮ್ಮನಿಯವರು ಬರ್ಲಿ ಅಂತಾಳ. ಇದು ಕೂಗಿದ್ರ ಮಾತ್ರ, ಭೋಂಗಾ ಆಯ್ತು, ಅವರು ಬರೋ ಹೊತ್ತು, ಅಂತ ಎರಡು ತಾಟು ಹಚ್ತಾಳ. ಹೊಸಾದು ಕೂಗಿದ್ರ ಕಿವಿ ಮುಚ್ಕೋತಾಳ. ನಾಕು ದಿನ ಉಣ್ಣಲಿಲ್ರಿ."

"ಕೇಳಿದ್ರ ಕೊಡ್ತಿದ್ದಿಲ್ಲಾ?"

"ಕೇಳಿದ್ದೆ. ಅಶೋಕಕುಮಾರ ಸಾಹೇಬ್ರು ನಕ್ಕರು."

ಹುಸೇನಬಿ ಕೈ ತೊಳೆಯುವವರೆಗೂ ದಾನೇಶ್ವರಿ ಬಾಗಿಲಲ್ಲಿ ನಿಂತಿದ್ದರು. 1.40ಕ್ಕೆ ಇಬ್ಬರು ಪಂಚರ ಎದುರು ಪಂಚನಾಮೆ ಆಯಿತು. ಜಪ್ತಿಯಾದ ಸೈರನ್ ಮುದ್ದೆಮಾಲಾಗಿ ಠಾಣೆ ಸೇರಿತು. ಮಜೀದಸಾಬನನ್ನು ಬಂಧಿಸಿ ಚಿತ್ತಾಪುರದ ಕೋರ್ಟಿಗೆ ಒಯ್ದರು. ಸಂಜೆಗೇ ಜಾಮೀನು ಸಿಕ್ಕಿತು. ಕಾರಣದ ಕಾಲಂನಲ್ಲಿ ರೈಟರ್ 'ಹೆಂಡತಿಯ ಊಟ' ಎಂದು ಬರೆದರು.

15ರ ಮಧ್ಯಾಹ್ನ ಅಶೋಕಕುಮಾರ ಪಂಚನಾಮೆಯ ನಕಲಿಗಾಗಿ ಠಾಣೆಗೆ ಬಂದಿದ್ದರು. ಗಡಿಯಾರದಲ್ಲಿ ಒಂದಾಯಿತು. ಠಾಣೆಯ ಹಿತ್ತಲಿನಿಂದ ಸೈರನ್ ಎದ್ದು, ಮಜೀದಸಾಬನ ಗಲ್ಲಿಯ ಛಾವಣಿಗಳ ಮೇಲೆ ಹಾಯ್ದು, ನಿಧಾನಕ್ಕೆ ಇಳಿಯಿತು. ರೈಟರ್ ಬುತ್ತಿಗೆ ಕೈ ಹಾಕಿದರು. ದಾನೇಶ್ವರಿ ಕಡತದಿಂದ ತಲೆ ಎತ್ತಲಿಲ್ಲ.

"ಏನಿದು? ಮುದ್ದೆಮಾಲು ತಿರುಗಿಸೋ ಅಧಿಕಾರ ಯಾರಿಗದ?" ಅಶೋಕಕುಮಾರ ಎದ್ದು ನಿಂತರು.

ಹಿತ್ತಲ ಬಾಗಿಲಿನಿಂದ ಸಿದ್ಧಲಿಂಗ ಬಂದ. ಎರಡೂ ಅಂಗೈಗೆ ಕರಿ ಗ್ರೀಸು.

"ನಿನ್ನೇ ಕೇಳಾಕತ್ತೀನಿ. ಯಾರು ತಿರುಗಿಸಿದ್ರು?"

ಸಿದ್ಧಲಿಂಗ ಅವರ ಪಕ್ಕದಿಂದಲೇ ಹಾದು, ಕೈ ತೊಳೆಯಲು ನಳದ ಕಡೆ ನಡೆದ.