ಕಮಾನಿನ ನೆತ್ತಿಯ ಕಲ್ಲು

ಹುಲ್ಲಹಳ್ಳಿಯ ಆಚೆ, ಕಾಲುವೆ ದಾರಿಯ ಹಳೇ ಕಲ್ಲಿನ ಕಮಾನು ಕುಸಿದಿತ್ತು. ಅದರಡಿ ಚಿಕ್ಕಬಸಪ್ಪನ ಹೆಣ. ೧೯೯೮ರ ಡಿಸೆಂಬರ್. ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ.

ಊರವರು ದೂರವೇ ನಿಂತಿದ್ದರು. ಹಿಂದಿನ ವರ್ಷ ಚಿಕ್ಕಬಸಪ್ಪನ ತಂಗಿ ಮುದ್ದಮ್ಮ ಅಲ್ಲೇ ಕಾಲುವೆಯಲ್ಲಿ ಮುಳುಗಿ ಸತ್ತಿದ್ದಳು. ಅಂದಿನಿಂದ ಗಾಳಿ ಬೀಸಿದರೆ ಕಮಾನಿನೊಳಗೆ ಹೆಣ್ಣು ನರಳಿದಂತೆ ಕೇಳುತ್ತದೆ ಎನ್ನುತ್ತಿದ್ದರು. ಚಿಕ್ಕಬಸಪ್ಪ ದಿನಾ ಬೆಳಗ್ಗೆ ಅದರಡಿ ನಿಂತು ಕಿವಿಗೊಡುತ್ತಿದ್ದ.

"ತಂಗೀನೇ ಕರ್ಕೊಂಡ್ಳು ಕಣವ್ವಾ," ಪಕ್ಕದ ಮನೆಯ ಮುದುಕಿ ಸಾಕಮ್ಮ ಪಿಸುಗುಟ್ಟಿದಳು.

ಸಬ್ ಇನ್ಸ್‌ಪೆಕ್ಟರ್ ರಂಜಿನಿ, ಮುದ್ದಮ್ಮನ ಗಂಡ ಅಮೃತೇಶನ ಕಡೆ ತಿರುಗಿದಳು. ಸುದ್ದಿ ಕೊಟ್ಟವನು ಅವನೇ.

"ಏನು ನೋಡಿದ್ರಿ?"

"ಗದ್ದೆಗೆ ಓಯ್ತಿದ್ದೆ ಮೇಡಂ. ಭಾವ ಒಳಗೆ ನಿಂತಿದ್ರು. ನೆತ್ತಿ ಮೇಲಿನ ನಡುಗಲ್ಲು ಜಾರಿ ಕೆಳಕ್ಕೆ ಬಿತ್ತು. ಆಮೇಲೆ ಎಲ್ಲಾ ಕುಸೀತು."

"ಕಣ್ಣಾರೆ ನೋಡಿದ್ರಾ?"

"ಕಣ್ಣಾರೆ."

\* \* \*

ಚಿಕ್ಕಬಸಪ್ಪನ ಮಗಳು ಗಾನವಿ ಜಗಲಿಯ ಮೂಲೆಯಲ್ಲಿ ಮುದುಡಿ ಕೂತಿದ್ದಳು.

"ಅತ್ತೆ ಅಪ್ಪನ್ನ ಕರೆದ್ಳಂತೆ ಮೇಡಂ. ನಾಳೆ ನನ್ನೂ ಕರೀತಾಳಾ?"

ರಂಜಿನಿ ಅವಳ ತಲೆ ಸವರಿದಳು. ಆಮೇಲೆ ಕಮಾನಿನ ಬಳಿಗೆ ವಾಪಸ್ ನಡೆದಳು.

ಬಿದ್ದ ಕಲ್ಲುಗಳನ್ನು ಪೇದೆಗಳ ಕೈಲಿ ನೆಲದ ಮೇಲೆ ಮೊದಲಿದ್ದಂತೆಯೇ ಜೋಡಿಸಿಸಿದಳು. ಬಿಲ್ಲಿನಾಕಾರ ಮೂಡಿತು. ನಡುವೆ ಒಂದು ಜಾಗ ಖಾಲಿ. ನೆತ್ತಿಯ ಕಲ್ಲೇ ಇಲ್ಲ!

ತಲೆಯೆತ್ತಿ ನೋಡಿದಳು. ಮೇಲೆ ಚಾಚಿದ್ದ ಆಲದ ಕೊಂಬೆಯ ತೊಗಟೆ ಹಸಿಯಾಗಿ ಉಜ್ಜಿಹೋಗಿತ್ತು. ಹಗ್ಗದ ಗುರುತು.

ಕಾಲುವೆಯ ನೀರು ನಿಲ್ಲಿಸಲು ಹೇಳಿಕಳಿಸಿದಳು.

\* \* \*

ಸಂಜೆ ಹೊತ್ತಿಗೆ ಕೆಸರಿನಲ್ಲಿ ಕಲ್ಲು ಸಿಕ್ಕಿತು. ಅದರ ತಲೆಗೆ ಕಬ್ಬಿಣದ ಕೊಂಡಿ, ಕೊಂಡಿಯಲ್ಲಿ ಕೊಯ್ದ ಹಗ್ಗದ ತುಂಡು. ಊರಲ್ಲಿ ಹುಡುಕಿಸಿದಾಗ ಉಳಿದ ಹಗ್ಗ ಅಮೃತೇಶನ ಎತ್ತಿನ ಕೊಟ್ಟಿಗೆಯಲ್ಲಿ ಸಿಕ್ಕಿತು.

ರಂಜಿನಿ ಗಾನವಿಯನ್ನು ಹತ್ತಿರ ಕರೆದಳು. "ನೋಡು ಮಗಾ, ಈ ಕಲ್ಲು ಮೇಲೆ ಅಗಲ, ಕೆಳಗೆ ಕಿರಿದು. ಎರಡೂ ಕಡೆಯ ಕಲ್ಲುಗಳು ಇದಕ್ಕೆ ಒರಗಿ ನಿಂತಿರ್ತವೆ. ಭಾರ ಬಿದ್ದಷ್ಟೂ ಇನ್ನೂ ಬಿಗಿಯಾಗ್ತದೆ. ಕೆಳಕ್ಕೆ ಜಾರೋಕೆ ಆಗೋದೇ ಇಲ್ಲ. ಮೇಲಕ್ಕೆ ಎಳೆದ್ರೆ ಮಾತ್ರ ಬರ್ತದೆ."

ಅವಳು ಅಮೃತೇಶನ ಕಡೆ ತಿರುಗಿದಳು.

"ಆಗದೇ ಇರೋದನ್ನ ಕಣ್ಣಾರೆ ನೋಡಿದ್ರಿ ನೀವು. ಗಾರೆ ಕೆರೆದು, ಕೊಂಡಿ ಹಾಕಿ, ಕೊಂಬೆ ಮೇಲಿಂದ ಹಗ್ಗ ಬಿಟ್ರಿ. ಮಂಜಲ್ಲಿ ಅವರಿಗೆ ಕಾಣಲಿಲ್ಲ. ಅವರು ಒಳಗೆ ನಿಂತಾಗ ಹಗ್ಗದ ತುದಿಗೆ ಕಟ್ಟಿದ್ದ ಎತ್ತು ಹೊಡೆದು ಕಲ್ಲನ್ನ ಮೇಲಕ್ಕೆ ಕಿತ್ತ್ರಿ. ಕೊಂಡಿ ಕಾಣಬಾರದು ಅಂತ ಕಲ್ಲನ್ನ ಕಾಲುವೆಗೆ ಉರುಳಿಸಿದ್ರಿ. ಯಾಕೆ?"

ಸಾಕಮ್ಮ ಮುಂದೆ ಬಂದಳು.

"ನಾನೇಳ್ತೀನಿ. ಮುದ್ದಮ್ಮನ್ನ ನೀರಿಗೆ ತಳ್ಳಿದ್ದು ಇವ್ನೇ. ನಾ ಕಂಡಿದ್ದೆ. ವರ್ಷವೆಲ್ಲಾ ಬಾಯಿ ಕಟ್ಕೊಂಡಿದ್ದೆ. ಮೊನ್ನೆ ಚಿಕ್ಕಬಸಪ್ಪಂಗೆ ಏಳ್ದೆ. ಅವ್ನು ಓಗಿ ಇವನ್ನ ಕೇಳ್ದ. ದೆವ್ವಕ್ಕಲ್ಲ ಕಣವ್ವಾ, ನಾ ಎದ್ರಿದ್ದು ಇವನಿಗೆ."

ಅಮೃತೇಶನನ್ನು ಜೀಪಿಗೆ ಹತ್ತಿಸಿದರು. ಗಾನವಿ ಓಡಿಬಂದು ಜೀಪಿನ ಕಂಬಿ ಹಿಡಿದಳು.

"ಮಾವ, ಸಾಯೋ ಮುಂಚೆ ಅಪ್ಪ ನಿಮ್ಮನ್ನ ನೋಡಿದ್ರಾ?"

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.